ಅಭಿಪ್ರಾಯಕ್ಕೂ ಏಕಮಾನ ಬೇಕು



ಗಣಿತ ಮತ್ತು ವಿಜ್ಞಾನದ ಉತ್ತರಪತ್ರಿಕೆಗಳಲ್ಲಿ ಏಕಮಾನ ಬರೆಯದ ಉತ್ತರಕ್ಕೆ ಪೂರ್ಣ ಅಂಕ ದೊರೆಯುವುದಿಲ್ಲ ಎಂಬುದು ನಿಮಗೆಲ್ಲ ನೆನಪಿರಬೇಕು. ‘ವೇಗ 40’ ಎಂದು ಬರೆದರೆ ಅದು ಉತ್ತರವಾಗುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ಎಂದರೆ ಹಳ್ಳಿಯ ದಾರಿಯಲ್ಲಿ ಸಾಗುವ ಮೋಟಾರ್ ಸೈಕಲ್ಲಿನ ವೇಗ. ಸೆಕೆಂಡಿಗೆ 40 ಮೀಟರ್ ಎಂದರೆ ಗಂಟೆಗೆ 144 ಕಿಲೋಮೀಟರ್, ಅತಿವೇಗದ ರೈಲಿನ ಓಟ. ಸಂಖ್ಯೆ ಒಂದೇ, ಅರ್ಥ ಬೇರೆ. ಏಕಮಾನ ಜೊತೆಗಿದ್ದಾಗಲೇ ಸಂಖ್ಯೆಗೆ ಬೆಲೆ. ಈ ನಿಯಮ ಪರೀಕ್ಷೆಯ ಕೊಠಡಿಗೆ ಮಾತ್ರ ಸೀಮಿತವಲ್ಲ, ನಾವು ದಿನನಿತ್ಯ ಆಡುವ ಮಾತುಗಳಿಗೂ ಅನ್ವಯಿಸಬೇಕಾದದ್ದು ಎಂಬುದನ್ನು ಈ ಬಾರಿ ನಿಮ್ಮೆದುರು ಪ್ರಸ್ತಾಪಿಸಬಯಸುತ್ತೇನೆ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಯರಗುಪ್ಪಿಯ ಅಗಸಿಯ ಕಟ್ಟೆಯಲ್ಲಾಗಲಿ, ಹುಬ್ಬಳ್ಳಿಯ ಮದುವೆ ಮಂಟಪಗಳಲ್ಲಾಗಲಿ, ಹಬ್ಬಕ್ಕೆಂದು ಬೆಂಗಳೂರು, ಪುಣೆಗಳಿಂದ ಬಂದ ಬಂಧುಗಳ ನಡುವೆಯಾಗಲಿ ಎರಡು ವಿಷಯಗಳ ಬಗ್ಗೆ ಅಭಿಪ್ರಾಯವಿಲ್ಲದವರು ಯಾರೂ ಸಿಗಲಾರರು. ಒಂದು, ವಿದ್ಯುತ್ತಿನಿಂದ ಓಡುವ ಕಾರು. ಎರಡು, ಒಂದೇ ಹೆಸರಿನಲ್ಲಿ ಊರೂರಿಗೆ ಶಾಖೆ ತೆರೆಯುವ ಚೈನ್ ಹೋಟೆಲುಗಳ ತಿನಿಸು. ‘ಕರೆಂಟ್ ಗಾಡಿ ಬರೀ ಆಟಿಗಿ ಸಾಮಾನು’ ಎಂದು ಒಬ್ಬರೆಂದರೆ, ‘ಇನ್ನು ಐದು ವರ್ಷದಲ್ಲಿ ಪೆಟ್ರೋಲ್ ಬಂಕುಗಳೇ ಇರುವುದಿಲ್ಲ’ ಎಂದು ಇನ್ನೊಬ್ಬರು. ‘ಪಿಝ್ಝಾ, ಬರ್ಗರ್ ಎಂದರೆ ವಿಷ’ ಎಂದು ಹಿರಿಯರು ನುಡಿದರೆ, ‘ಊರಿನ ಖಾನಾವಳಿಗಳಲ್ಲಿ ಸ್ವಚ್ಛತೆಯೇ ಇಲ್ಲ’ ಎಂದು ಕಿರಿಯರು. ಎಲ್ಲವೂ ದೃಢವಾದ ಮಾತುಗಳೇ, ಆದರೆ ಒಂದರ ಮುಂದೆಯೂ ಏಕಮಾನವಿಲ್ಲ. ಎಷ್ಟು ದೂರಕ್ಕೆ? ಎಷ್ಟು ಹಣಕ್ಕೆ? ತಿಂಗಳಿಗೆ ಎಷ್ಟು ಬಾರಿ? ಯಾರಿಗೆ?

ನಮ್ಮ ನ್ಯಾಯಶಾಸ್ತ್ರ ತಿಳಿವಳಿಕೆಗೆ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ ಮತ್ತು ಶಬ್ದ. ಶಬ್ದವೆಂದರೆ ಕೇಳಿದ ಮಾತೆಲ್ಲವೂ ಅಲ್ಲ. ಆಪ್ತನ ಮಾತು, ಅಂದರೆ ವಿಷಯವನ್ನು ಬಲ್ಲ ಮತ್ತು ಇದ್ದುದನ್ನು ಇದ್ದಂತೆ ಹೇಳುವವನ ಮಾತು. ಹಳ್ಳಿಯ ಗಾದೆ ಇದಕ್ಕಿಂತಲೂ ಬಿಗಿಯಾಗಿದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಅದು. ಕಂಡದ್ದನ್ನೇ ಪ್ರಮಾಣಿಸಬೇಕೆಂದ ಮೇಲೆ ಕೇಳಿದ್ದನ್ನು ಎಷ್ಟು ಪ್ರಮಾಣಿಸಬೇಕು? ಕಟ್ಟೆಯ ಮೇಲೆ ಕುಳಿತು ಆಡುವ ಮಾತಿಗೆ ಆಡುವವನು ಬೆಲೆ ತೆರುವುದಿಲ್ಲ. ಅದನ್ನು ನಂಬಿದವನು ತೆರುತ್ತಾನೆ.

ಹೀಗೆ ಬೆಲೆ ತೆರಬೇಕಾಗಿದ್ದ ಒಬ್ಬ ಹಳೆಯ ವಿದ್ಯಾರ್ಥಿಯ ಸಂಗತಿಯನ್ನು ಹೇಳುತ್ತೇನೆ. ಹೆಸರು ಬೇಡ. ಆತ ಹತ್ತನೆಯ ತರಗತಿ ಮುಗಿಸಿ, ಹಲವು ಕೆಲಸಗಳನ್ನು ನೋಡಿ, ಈಗ ಬಾಡಿಗೆ ಕಾರು ಓಡಿಸುತ್ತಾನೆ. ಊರಿನ ರೋಗಿಗಳನ್ನು ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಕರೆದೊಯ್ಯುವುದು, ಕುಂದಗೋಳದ ಕಚೇರಿ ಕೆಲಸಗಳಿಗೆ ಹೋಗಿಬರುವುದು, ಮದುವೆ, ಜಾತ್ರೆ, ಧರ್ಮಸ್ಥಳ, ಪಂಢರಪುರ ಇವೇ ಅವನ ದುಡಿಮೆ. ಅವನದು ಹಳೆಯ ಡೀಸೆಲ್ ಗಾಡಿ. ಅದರ ಸಾಲ ತೀರಿದೆ. 2025ರ ಬೇಸಿಗೆಯಲ್ಲಿ ಒಂದು ಸಂಜೆ ಮನೆಗೆ ಬಂದು ಕೇಳಿದ: “ಸರ್, ಕರೆಂಟ್ ಗಾಡಿ ತಗೋಬೇಕಂತ ಮಾಡೇನ್ರಿ. ಆದ್ರ ಅಗಸ್ಯಾಗ ಎಲ್ಲಾರೂ ಬ್ಯಾಡ ಅಂತಾರ್ರಿ. ನೀವೇನಂತೀರಿ?”

“ಬ್ಯಾಡ ಅಂದವರೊಳಗ ಆ ಗಾಡಿ ಓಡಿಸಿದವರು ಎಷ್ಟ ಮಂದಿ ಅದಾರ?”

“ಒಬ್ಬರೂ ಇಲ್ರಿ.”

“ತಗೋ ಅಂದವರೊಳಗ?”

“ಶೋರೂಮಿನವರು ಅದಾರ್ರಿ.”

ಇಬ್ಬರೂ ನಕ್ಕೆವು. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಮುಂಗಡ ಹಣಕ್ಕಾಗಿ ತಾಯಿಯ ಹೆಸರಿನಲ್ಲಿದ್ದ ಎರಡು ಎಕರೆ ಎರಿ ಹೊಲದ ಮೇಲೆ ಸಾಲ ಎತ್ತುವ ಆಲೋಚನೆ ಅವನಿಗಿತ್ತು. ಮೆಣಸಿನಕಾಯಿ, ಹತ್ತಿ, ಕಡಲೆ ಬೆಳೆಯುವ ಆ ಹೊಲವೇ ಆ ಮನೆಯ ಆಧಾರ. ‘ಬ್ಯಾಟರಿ ಹೋತಂದ್ರ ಗಾಡಿ ಗುಜರಿಗೆ’ ಎಂಬ ಮಾತನ್ನು ನಂಬಿ ಒಂದು ಒಳ್ಳೆಯ ಅವಕಾಶವನ್ನು ಅವನು ಕಳೆದುಕೊಳ್ಳಬಹುದಿತ್ತು. ‘ಓಡಿಸೋ ಖರ್ಚೇ ಇಲ್ಲ’ ಎಂಬ ಮಾತನ್ನು ನಂಬಿ ಹೊಲವನ್ನೇ ಕಳೆದುಕೊಳ್ಳಬಹುದಿತ್ತು. ಹೌದೆಂದೂ ಹೇಳದೆ, ಅಲ್ಲವೆಂದೂ ಹೇಳದೆ ಅವನ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಒಂದು ತಿಂಗಳು ಪ್ರತಿದಿನ ಎಲ್ಲಿಗೆ ಹೋದೆ, ಎಷ್ಟು ಕಿಲೋಮೀಟರ್, ಎಷ್ಟು ಡೀಸೆಲ್, ಎಷ್ಟು ಬಾಡಿಗೆ ಎಂಬುದನ್ನು ಬರೆ ಎಂದೆ. ಜೊತೆಗೆ ಹುಬ್ಬಳ್ಳಿಯಲ್ಲಿ ವಿದ್ಯುತ್ ಕಾರನ್ನು ಬಾಡಿಗೆಗೆ ಓಡಿಸುವ ಮೂವರನ್ನಾದರೂ ಹುಡುಕಿ ಮಾತನಾಡು ಎಂದೂ ಹೇಳಿದೆ.

ತಿಂಗಳ ನಂತರ ಅವನು ತಂದ ಲೆಕ್ಕ ಹೀಗಿತ್ತು. ಇಪ್ಪತ್ತು ದಿನ ಹತ್ತಿರದ ಓಡಾಟ, ದಿನಕ್ಕೆ ಸರಾಸರಿ 75 ಕಿಲೋಮೀಟರ್, ಒಟ್ಟು 1,500. ಆರು ದಿನ ದೂರದ ಬಾಡಿಗೆ, ಒಟ್ಟು 1,800. ಉಳಿದ ನಾಲ್ಕು ದಿನ ಗಾಡಿ ಮನೆಯ ಮುಂದೆ. ಹತ್ತಿರದ ಓಡಾಟಕ್ಕೆ ಲೀಟರಿಗೆ 18 ಕಿಲೋಮೀಟರಿನಂತೆ, ಡೀಸೆಲ್ ಲೀಟರಿಗೆ ಸುಮಾರು 90 ರೂಪಾಯಿಯಂತೆ, 7,500 ರೂಪಾಯಿ ಖರ್ಚು. ಅಂದರೆ ಕಿಲೋಮೀಟರಿಗೆ 5 ರೂಪಾಯಿ. ಇದೇ ದೂರವನ್ನು ವಿದ್ಯುತ್ ಕಾರಿನಲ್ಲಿ ಓಡಿಸಿದರೆ, ಒಂದು ಯೂನಿಟ್ಟಿಗೆ 6 ಕಿಲೋಮೀಟರ್ ಎಂದು ಹಿಡಿದರೂ 250 ಯೂನಿಟ್ ಬೇಕು. ಯೂನಿಟ್ಟಿಗೆ ಎಲ್ಲ ಸೇರಿ 7 ರೂಪಾಯಿ ಎಂದು ಹಿಡಿದರೆ 1,750 ರೂಪಾಯಿ. ತಿಂಗಳಿಗೆ 5,750 ರೂಪಾಯಿ ಉಳಿತಾಯ. ಇಲ್ಲಿಯವರೆಗೆ ಶೋರೂಮಿನವರ ಮಾತು ಸರಿಯಾಗಿತ್ತು.

ಆದರೆ ಅವರೂ ಹೇಳದ, ಅಗಸಿಯವರೂ ಹೇಳದ ಒಂದು ಸಂಗತಿ ಇತ್ತು. ರಾಜ್ಯ ಸರ್ಕಾರ 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಕಟ್ಟಬೇಕು. ಅವನ ಮನೆಯ ಬಳಕೆ 70 ಯೂನಿಟ್, ಇದುವರೆಗೆ ಬಿಲ್ಲು ಸೊನ್ನೆ. ಕಾರಿನ 250 ಸೇರಿದರೆ 320. ಆಗ ಮನೆಯ 70 ಯೂನಿಟ್ಟಿಗೂ ಹಣ ತೆರಬೇಕು. ಸುಮಾರು 500 ರೂಪಾಯಿ. ಉಳಿತಾಯ 5,250ಕ್ಕೆ ಇಳಿಯಿತು. ಬಾಡಿಗೆ ವಾಹನವನ್ನು ಮನೆಯ ಮೀಟರಿನಿಂದ ಚಾರ್ಜ್ ಮಾಡಲು ಮನೆಯ ದರವೇ ಅನ್ವಯಿಸುತ್ತದೆಯೇ ಎಂಬುದನ್ನು ಹೆಸ್ಕಾಂ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದುಕೋ ಎಂದೂ ತಿಳಿಸಿದೆ.

ಇನ್ನು ಸಾಲ. ಎಂಟು ಲಕ್ಷ ರೂಪಾಯಿ, ಏಳು ವರ್ಷ, ಶೇಕಡಾ 9.5 ಬಡ್ಡಿ ಎಂದರೆ ತಿಂಗಳ ಕಂತು ಸುಮಾರು 13,000 ರೂಪಾಯಿ. ಉಳಿಯುವುದು ಐದು ಸಾವಿರ, ಕಟ್ಟಬೇಕಾದದ್ದು ಹದಿಮೂರು ಸಾವಿರ. ದೂರದ ಬಾಡಿಗೆಗಳಲ್ಲಿಯೂ ಒಂದಿಷ್ಟು ಉಳಿಯಬಹುದು; ಆದರೆ ಅಲ್ಲಿ ದಾರಿಯ ಚಾರ್ಜಿಂಗ್ ಕೇಂದ್ರಗಳನ್ನು ನೆಚ್ಚಬೇಕು. ಅವುಗಳ ದರ ಮನೆಯ ದರಕ್ಕಿಂತ ಬಹಳ ಹೆಚ್ಚು, ಮೇಲಾಗಿ ಕಾಯುವ ಹೊತ್ತು ಬೇರೆ. ಅವನ ಗಳಿಕೆಯ ಅರ್ಧದಷ್ಟು ಆ ಆರು ದಿನಗಳಿಂದಲೇ ಬರುತ್ತದೆ. ಹೀಗಾಗಿ ಸಾಲ ತೀರಿದ ಹಳೆಯ ಗಾಡಿಯನ್ನು ಬಿಟ್ಟು ಈಗ ಹೊಸದನ್ನು ಕೊಳ್ಳುವುದು ಅವನಿಗೆ ಲಾಭವಲ್ಲ ಎಂದಾಯಿತು. ಆದರೆ ಇನ್ನೊಂದು ಸಾಲನ್ನೂ ಬರೆಸಿದೆ. ಹಳೆಯ ಗಾಡಿ ಹೇಗೂ ಕೈಕೊಟ್ಟು, ಹೊಸದನ್ನು ಕೊಳ್ಳಲೇಬೇಕಾದ ದಿನ ಬಂದಾಗ, ಡೀಸೆಲ್ ಕಾರಿಗಿಂತ ವಿದ್ಯುತ್ ಕಾರು ಮೂರು ಲಕ್ಷ ಹೆಚ್ಚೆಂದು ಹಿಡಿದರೂ ಆ ಹೆಚ್ಚಿನ ಮೊತ್ತದ ಕಂತು 4,900 ರೂಪಾಯಿ. ಹತ್ತಿರದ ಓಡಾಟದ ಉಳಿತಾಯಕ್ಕೆ ಅದು ಸರಿಸುಮಾರು ತಾಳೆಯಾಗುತ್ತದೆ. ಆಗ ಪ್ರಶ್ನೆಯ ಉತ್ತರ ಬೇರೆಯಾಗಬಹುದು. ಅವನು ಕೊಳ್ಳಲಿಲ್ಲ. ಅಗಸಿಯವರು ‘ನಾವು ಹೇಳಿದ್ದೇ ಖರೆ ಆತು’ ಎಂದರಂತೆ. ಅವರು ಹೇಳಿದ್ದು ಖರೆಯಾಗಲಿಲ್ಲ. ಉತ್ತರ ಮಾತ್ರ ಹೊಂದಿತು. ಕ್ರಮವಿಲ್ಲದೆ ಬರೆದ ಉತ್ತರ ಹೊಂದಿದರೂ ಅಂಕ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ ಎಂಬುದು ನಿಮಗೆ ಗೊತ್ತು.

ಅದೇ ವರ್ಷ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ವಿದ್ಯುತ್ ಕಾರನ್ನೇ ಕೊಂಡ. ಅವನ ಕಚೇರಿಗೆ ಹೋಗಿಬರುವ ದೂರ 36 ಕಿಲೋಮೀಟರ್. ವಸತಿ ಸಮುಚ್ಚಯದಲ್ಲಿ ಗಾಡಿ ನಿಲ್ಲಿಸುವ ಸ್ಥಳದಲ್ಲಿಯೇ ತನ್ನ ಮೀಟರಿನಿಂದ ಪ್ಲಗ್ ಹಾಕಿಸಿಕೊಳ್ಳಲು ಸಂಘದ ಅನುಮತಿ ದೊರೆತಿತ್ತು. ವಾರಕ್ಕೆ ಎರಡು ರಾತ್ರಿ ಚಾರ್ಜ್ ಮಾಡಿದರೆ ಸಾಕು. ಊರಿಗೆ ಬರುವಾಗ ರೈಲಿನಲ್ಲಿ ಬರುತ್ತಾನೆ. ಹುಬ್ಬಳ್ಳಿ-ಬೆಂಗಳೂರಿನ 400 ಕಿಲೋಮೀಟರಿಗೂ ಮಿಕ್ಕ ದಾರಿ ಅವನ ಲೆಕ್ಕದಲ್ಲಿಯೇ ಇಲ್ಲ. ಒಬ್ಬನಿಗೆ ಬೇಡವಾದದ್ದು ಇನ್ನೊಬ್ಬನಿಗೆ ಬೇಕಾಯಿತು. ಇಬ್ಬರ ಉತ್ತರವೂ ಸರಿ. ಇದನ್ನು ಕೇಳಿದ ಮೇಲೆಯೂ ‘ಕರೆಂಟ್ ಗಾಡಿ ಒಳ್ಳೆಯದೋ ಕೆಟ್ಟದ್ದೋ’ ಎಂದು ಯಾರಾದರೂ ಕೇಳಿದರೆ, ‘ಕೊಡೆ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿದಂತೆ. ಮಳೆ ಇದೆಯೇ ಎಂಬುದನ್ನು ಮೊದಲು ನೋಡಬೇಕು.

ಈ ಬಗೆಯ ಮಾತುಗಳಿಗೆ ನಮ್ಮ ಕರ್ನಾಟಕದಲ್ಲಿ ಹಳೆಯ ಉದಾಹರಣೆಯೇ ಉಂಟು. ವಿದ್ಯುತ್ ಕಾರು ಎಂದರೆ ಅಮೆರಿಕದ ಟೆಸ್ಲಾ ಎಂದೇ ಇಂದಿನ ಹುಡುಗರು ತಿಳಿದಿದ್ದಾರೆ. ಟೆಸ್ಲಾದ ಮೊದಲ ಕಾರು ಗ್ರಾಹಕರ ಕೈ ಸೇರಿದ್ದು 2008ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲಿ ರೇವಾ ಕಾರು ರಸ್ತೆಗಿಳಿದಿತ್ತು. ಚೇತನ್ ಮೈನಿಯವರ ಮುಂದಾಳತ್ವದಲ್ಲಿ ತಯಾರಾದ ಎರಡು ಬಾಗಿಲಿನ ಪುಟ್ಟ ಗಾಡಿ ಅದು. ಸೀಸ ಮತ್ತು ಆಮ್ಲದ ಎಂಟು ಬ್ಯಾಟರಿಗಳು, ಪೂರ್ತಿ ಚಾರ್ಜ್ ಆಗಲು ಸುಮಾರು ಎಂಟು ಗಂಟೆ, ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್. ಅದನ್ನು ಕಂಡವರಲ್ಲಿ ಹಲವರು ‘ಆಟಿಕೆ’ ಎಂದರು, ಕೆಲವರು ‘ಭವಿಷ್ಯ’ ಎಂದರು. ಎರಡೂ ಏಕಮಾನವಿಲ್ಲದ ಮಾತುಗಳೇ. ನಗರದೊಳಗೆ ದಿನಕ್ಕೆ 30 ಕಿಲೋಮೀಟರ್ ಓಡಾಡುವ ಒಬ್ಬರಿಗೆ ಅದು ಆಟಿಕೆಯಾಗಿರಲಿಲ್ಲ. ಕುಟುಂಬ ಸಮೇತ ಊರಿಗೆ ಹೊರಡುವವರಿಗೆ ಅದು ಭವಿಷ್ಯವೂ ಆಗಿರಲಿಲ್ಲ.

ಲಂಡನ್ ನಗರದಲ್ಲಿ ನಡೆದದ್ದನ್ನು ಗಮನಿಸಿ. ಅಲ್ಲಿ 2003ರಿಂದ ನಗರದ ನಡುಭಾಗಕ್ಕೆ ಕಾರಿನಲ್ಲಿ ಬರುವವರು ದಟ್ಟಣೆಯ ಶುಲ್ಕ ಕಟ್ಟಬೇಕಾಗಿತ್ತು. ವಿದ್ಯುತ್ ಕಾರಿಗೆ ಅದರಿಂದ ವಿನಾಯಿತಿ ಇತ್ತು. 2004ರಿಂದ ನಮ್ಮ ರೇವಾ ಅಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಕೊಂಡವರಲ್ಲಿ ಅನೇಕರು ಶುಲ್ಕ ಎಷ್ಟು, ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿಯೇ ಕೊಂಡರು. ಅಪಘಾತದ ಸಂದರ್ಭದಲ್ಲಿ ಈ ಕಾರು ಪ್ರಯಾಣಿಕರನ್ನು ಎಷ್ಟು ಕಾಪಾಡೀತು ಎಂದು ಅಲ್ಲಿಯೇ 2007ರಲ್ಲಿ ಡಿಕ್ಕಿಯ ಪರೀಕ್ಷೆ ನಡೆಸಿ, ಗಂಭೀರವಾದ ಆಕ್ಷೇಪಗಳನ್ನೂ ಎತ್ತಿದರು. ಹೊಗಳಿದವರ ಬಳಿಯೂ ಅಳತೆ ಇತ್ತು, ತೆಗಳಿದವರ ಬಳಿಯೂ ಅಳತೆ ಇತ್ತು. ಬೆಲೆ, ಸೀಸದ ಬ್ಯಾಟರಿಯ ಭಾರ, ಚಾರ್ಜ್ ಮಾಡುವ ತಾಣಗಳ ಅಭಾವ ಮುಂತಾದ ಕಾರಣಗಳಿಂದ 2013ರ ಹೊತ್ತಿಗೂ ಜಗತ್ತಿನಾದ್ಯಂತ ರೇವಾದ ಮಾರಾಟ ಐದು ಸಾವಿರವನ್ನು ಮುಟ್ಟಲಿಲ್ಲ. 2010ರಲ್ಲಿ ಮಹೀಂದ್ರಾ ಸಂಸ್ಥೆ ಆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. ಮುಂದೆ 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ನಮ್ಮದಾಯಿತು. 2019ರ ಆಗಸ್ಟಿನಲ್ಲಿ ಕೇಂದ್ರವು ಈ ವಾಹನಗಳ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು.

ಬ್ಯಾಟರಿಯ ಭಯದ ಬಗ್ಗೆಯೂ ಒಂದು ಮಾತು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದು ನಿಜ. ಆ ಬಳಿಕ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿದ್ದೂ ನಿಜ. ಹಲವು ಕಾರುಗಳ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿ ಕೊಡುತ್ತಾರೆ. ಅದು ವರ್ಷದಲ್ಲಿಯೂ ಉಂಟು, ಕಿಲೋಮೀಟರಿನಲ್ಲಿಯೂ ಉಂಟು. ತಿಂಗಳಿಗೆ 3,300 ಕಿಲೋಮೀಟರ್ ಓಡಿಸುವ ನಮ್ಮ ವಿದ್ಯಾರ್ಥಿಗೆ ಅದು ಎಂಟು ವರ್ಷದ ಖಾತರಿಯಲ್ಲ, ನಾಲ್ಕೇ ವರ್ಷದ್ದು. ಬಾಡಿಗೆ ವಾಹನಕ್ಕೆ ಷರತ್ತು ಬೇರೆಯೇ ಇರಬಹುದಾದ್ದರಿಂದ ಸಣ್ಣ ಅಕ್ಷರಗಳನ್ನೂ ಓದಬೇಕು. ‘ಹೊಗೆಯೇ ಇಲ್ಲ’ ಎನ್ನುವವರೂ ರಾಯಚೂರಿನ ಶಕ್ತಿನಗರದಲ್ಲಿ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲು ಉರಿಯುತ್ತಿರುವುದನ್ನು ನೆನೆಯಬೇಕು. ‘ಹೊಗೆ ಅಲ್ಲಿಗೆ ಹೋಯಿತು, ಅಷ್ಟೇ’ ಎನ್ನುವವರೂ ಪಾವಗಡದ ಸೌರಫಲಕಗಳನ್ನೂ ಗದಗ ಸೀಮೆಯ ಗಾಳಿಯಂತ್ರಗಳನ್ನೂ ಒಮ್ಮೆ ನೋಡಿಬರಬೇಕು.

ಕಾರು ಕೊಳ್ಳುವುದು ಜೀವಮಾನದಲ್ಲಿ ಒಂದೆರಡು ಬಾರಿ. ಊಟ ದಿನಕ್ಕೆ ಎರಡು ಬಾರಿ. ಆದ್ದರಿಂದ ಊಟದ ಬಗೆಗಿನ ಹಗುರ ಮಾತು ಇನ್ನೂ ಹೆಚ್ಚು ಕಡೆ ತಾಗುತ್ತದೆ.

ಚೈನ್ ಹೋಟೆಲಿನ ವಾದ ನಮ್ಮ ನಾಡಿಗೆ ಹೊಸದಲ್ಲ. 1995ರ ಜೂನಿನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಮಳಿಗೆ ತೆರೆಯಿತು. ಭಾರತದಲ್ಲಿ ಅದೇ ಅವರ ಮೊದಲನೆಯದು. ಕೆಲವೇ ತಿಂಗಳಲ್ಲಿ, ತಿನಿಸಿನಲ್ಲಿ ಅಜಿನೊಮೊಟೊ ಮಿತಿಮೀರಿದೆ ಎಂಬ ಕಾರಣಕ್ಕೆ ನಗರಪಾಲಿಕೆ ಅದನ್ನು ಮುಚ್ಚಿಸಿತು. ಉಚ್ಚ ನ್ಯಾಯಾಲಯದ ಆದೇಶದಿಂದ ಅದು ಪುನಃ ತೆರೆಯಿತು. 1996ರ ಜನವರಿಯಲ್ಲಿ ರೈತ ಸಂಘದ ಕಾರ್ಯಕರ್ತರು ಮಳಿಗೆಯ ಮೇಲೆ ದಾಳಿ ಮಾಡಿದರು. ಗಾಜು ಒಡೆಯುವುದನ್ನು ನಾನು ಒಪ್ಪುವುದಿಲ್ಲ. ಆದರೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ವಿರೋಧ ಬರಿಯ ರುಚಿಯ ಮಾತಾಗಿರಲಿಲ್ಲ. ಮನುಷ್ಯರ ಧಾನ್ಯ ಕೋಳಿಯ ಮೇವಾಗಿ ಹರಿದರೆ ಬಡವನ ತಟ್ಟೆ ಏನಾಗುತ್ತದೆ, ಸಣ್ಣ ರೈತ ಏನಾಗುತ್ತಾನೆ ಎಂಬ ಪ್ರಶ್ನೆ ಅದರಲ್ಲಿತ್ತು. ಅಂಥ ವಾದವನ್ನು ಒಪ್ಪಬಹುದು, ಅಂಕಿಅಂಶ ಮುಂದಿಟ್ಟು ಅಲ್ಲಗಳೆಯಲೂಬಹುದು. ‘ಅದೆಲ್ಲಾ ಕಸ’ ಎಂಬ ಮಾತನ್ನು ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು. ಏಕೆಂದರೆ ಅದರೊಳಗೆ ಹಿಡಿಯಲು ಏನೂ ಇಲ್ಲ.

‘ಪರದೇಶದ್ದು’ ಎಂಬ ಒಂದೇ ಕಾರಣವೂ ಸಾಲದು. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿಯೇ ಇಂದು ನಮ್ಮ ಎರಿ ಹೊಲಗಳ ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆತಿದೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಮಾಡಿದ ಮಿಠಾಯಿಯೇ ಧಾರವಾಡ ಪೇಡೆ. ಶಾಖೆ ತೆರೆಯುವುದೂ ಪರದೇಶದವರ ಗುತ್ತಿಗೆಯಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ಹಿನ್ನೆಲೆಯ ವಿ.ಜಿ. ಸಿದ್ಧಾರ್ಥ 1996ರಲ್ಲಿ ಅದೇ ಬ್ರಿಗೇಡ್ ರಸ್ತೆಯಿಂದ ಕಾಫಿ ಡೇ ಆರಂಭಿಸಿದರು. ಧಾರವಾಡದ ಮಿಶ್ರಾ ಪೇಡೆಯ ಅಂಗಡಿಗಳು ಇಂದು ನಾಡಿನ ಎಷ್ಟೋ ಊರುಗಳಲ್ಲಿವೆ. ಲೈನ್ ಬಜಾರಿನಲ್ಲಿ ಸರತಿಯಲ್ಲಿ ನಿಂತು ಠಾಕೂರ್ ಪೇಡೆಯನ್ನೇ ತರಬೇಕೆಂದು ನಮ್ಮ ಬಂಧುಗಳು ಅಪ್ಪಣೆ ಮಾಡುತ್ತಾರೆ. ಸಂತೋಷ, ತರೋಣ. ಆದರೆ ಬೆಳಗಿನ ಬಸ್ಸಿಗೆ ಹೊರಟವನಿಗೆ ನಿಲ್ದಾಣದ ಬಳಿ ತೆರೆದಿರುವ ಅಂಗಡಿಯೇ ದೇವರು. ಒಂದು ಅಂಗಡಿಯಲ್ಲಿ ಮಿತವಾಗಿ ಮಾಡುವುದು ಒಂದು ಗುಣ. ಎಲ್ಲ ಊರಿನಲ್ಲಿ ಒಂದೇ ಬಗೆಯಾಗಿ ಸಿಗುವುದು ಇನ್ನೊಂದು ಗುಣ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೆಂದರೆ ಲೀಟರನ್ನು ಕಿಲೋಮೀಟರಿನೊಂದಿಗೆ ಕೂಡಿಸಿದಂತೆ.

ಈಗ ನಮ್ಮ ಹಿರಿಯರು ಕೇಳಬೇಕಾದ ಒಂದು ಮಾತು. ಹುಬ್ಬಳ್ಳಿಯಲ್ಲಿ ವಸತಿನಿಲಯದಲ್ಲಿದ್ದು ಓದುವ ನನ್ನ ಮೊಮ್ಮಗಳೊಬ್ಬಳು, ಅಂದರೆ ತಮ್ಮನ ಮಗಳ ಮಗಳು, ಗೆಳತಿಯರೊಡನೆ ಆಗಾಗ ಚೈನ್ ಹೋಟೆಲಿಗೆ ಹೋಗುತ್ತಾಳೆ. ಮನೆಯಲ್ಲಿ ಎಲ್ಲರೂ ಬೈದರು. ಯಾಕೆ ಹೋಗುತ್ತೀ ಎಂದು ಕೇಳಿದವರು ಮಾತ್ರ ಇಲ್ಲ. ನಾನು ಕೇಳಿದಾಗ ಅವಳೆಂದಳು: “ಅಜ್ಜಾ, ಅಲ್ಲೆ ಒಬ್ಬಾಕಿನ ಕೂತ್ರೂ ಯಾರೂ ನೋಡಂಗಿಲ್ಲ. ಶೌಚಾಲಯ ಸ್ವಚ್ಛ ಇರ್ತದ. ರೇಟು ಗೋಡಿ ಮ್ಯಾಲ ಬರದಿರ್ತಾರ. ಎರಡ ತಾಸು ಕೂತ ಓದಿದ್ರೂ ಏಳ್ರಿ ಅನ್ನಂಗಿಲ್ಲ.” ಈ ನಾಲ್ಕು ಮಾತುಗಳಲ್ಲಿ ಪಿಝ್ಝಾದ ರುಚಿಯ ಪ್ರಸ್ತಾಪವೇ ಇಲ್ಲ! ನಾವು ರುಚಿಯ ಬಗ್ಗೆ, ಸಂಸ್ಕೃತಿಯ ಬಗ್ಗೆ ವಾದಿಸುತ್ತಿದ್ದೇವೆ. ಅವಳು ಹಣ ತೆರುತ್ತಿರುವುದು ಒಂದು ಸುರಕ್ಷಿತ ಕುರ್ಚಿಗೆ, ಒಂದು ಸ್ವಚ್ಛ ಶೌಚಾಲಯಕ್ಕೆ. ನಮ್ಮ ಖಾನಾವಳಿಗಳು ಇವೆರಡನ್ನು ಕೊಟ್ಟರೆ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರಿನೆದುರು ನಿಲ್ಲುವ ತಿನಿಸು ಯಾವುದಿದೆ? ಖಾನಾವಳಿ ಉಳಿಯಬೇಕೆಂದು ನಿಜವಾಗಿ ಬಯಸುವವರು ಹುಡುಗಿಯನ್ನು ಬೈಯುವ ಬದಲು ಖಾನಾವಳಿಯವರಿಗೆ ಈ ಮಾತನ್ನು ಮುಟ್ಟಿಸಬೇಕು.

ಕಿರಿಯರಿಗೂ ಒಂದು ಮಾತಿದೆ. ಹತ್ತು ಅಥವಾ ಅದಕ್ಕೂ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಪ್ರತಿಯೊಂದು ತಿನಿಸಿನ ಕ್ಯಾಲೊರಿಯನ್ನು ದರಪಟ್ಟಿಯಲ್ಲಿಯೇ ತೋರಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ದೊಡ್ಡವರೊಬ್ಬರಿಗೆ ದಿನಕ್ಕೆ ಸರಾಸರಿ 2,000 ಕಿಲೋಕ್ಯಾಲೊರಿ ಎಂಬ ಲೆಕ್ಕವನ್ನೂ ಅಲ್ಲಿಯೇ ಕೊಟ್ಟಿರುತ್ತಾರೆ. ಅಂದರೆ ಏಕಮಾನ ಗೋಡೆಯ ಮೇಲೆಯೇ ಇದೆ. ನೀವು ಅದನ್ನು ಬಿಟ್ಟು ಪಕ್ಕದ ಬಣ್ಣದ ಚಿತ್ರವನ್ನಷ್ಟೇ ನೋಡುತ್ತೀರಿ. ತಿಂಗಳಿಗೊಮ್ಮೆ ತಿಂದರೆ ಒಂದು ಉತ್ತರ, ವಾರಕ್ಕೆ ನಾಲ್ಕು ಬಾರಿ ತಿಂದರೆ ಬೇರೆ ಉತ್ತರ. ಹಾಗೆಯೇ ಪಿಝ್ಝಾವನ್ನು ವಿಷವೆನ್ನುವ ಹಿರಿಯರು ಸಂಜೆ ಗಿರಮಿಟ್ಟಿನ ಜೊತೆ ಮಿರ್ಚಿ ತಿನ್ನುವಾಗ ಬಾಣಲೆಯ ಎಣ್ಣೆಯ ಬಣ್ಣವನ್ನೂ ಗಮನಿಸಲಿ. ಪದೇ ಪದೇ ಕಾಯಿಸಿದ ಎಣ್ಣೆ ಎಲ್ಲಿಯವರೆಗೆ ಬಳಸಲು ಯೋಗ್ಯ ಎಂಬುದಕ್ಕೂ 2018ರಿಂದ ಕಾನೂನಿನ ಮಿತಿ ಇದೆ. ಮಿರ್ಚಿ ನಮ್ಮೂರಿನದೆಂಬ ಕಾರಣಕ್ಕೆ ಹೃದಯ ರಿಯಾಯಿತಿ ಕೊಡುವುದಿಲ್ಲ.

ತೆಗಳಿಕೆಗೆ ಮಾತ್ರವಲ್ಲ, ಹೊಗಳಿಕೆಗೂ ಏಕಮಾನ ಬೇಕು. ನಮ್ಮ ಓಣಿಯ ನಾಲ್ಕು ಮನೆಯ ಹೆಣ್ಣುಮಕ್ಕಳು ಕೂಡಿಕೊಂಡು ಕಡಕ್ ರೊಟ್ಟಿ ಬಡಿದು ಹುಬ್ಬಳ್ಳಿಯ ಅಂಗಡಿಗಳಿಗೆ ಕೊಡುತ್ತಾರೆ. ಮಕ್ಕಳ ಶಾಲೆಯ ಶುಲ್ಕ, ಗಂಡಂದಿರ ಔಷಧ ಎಲ್ಲವೂ ಅದರಿಂದಲೇ ನಡೆಯಬೇಕು. ಊರಿಗೆ ಬಂದ ಬಂಧುಗಳೆಲ್ಲ ಆ ರೊಟ್ಟಿ ತಿಂದು, ‘ನಮ್ಮ ರೊಟ್ಟಿಯ ಮುಂದೆ ಪಿಝ್ಝಾ ಎಲ್ಲಿ ಹತ್ತುತ್ತದೆ!’ ಎಂದು ಕೊಂಡಾಡಿ ಹೋಗುತ್ತಾರೆ. ಒಂದು ಸಲ ಆ ಗುಂಪಿನ ಹಿರಿಯಾಕೆ ನನ್ನೆದುರು ಅಂದಳು: “ಮಾಸ್ತರ್ರ, ಹೊಗಳೂದು ಸಾಕಾತ್ರಿ. ಎಷ್ಟ ರೊಟ್ಟಿ, ಯಾವ ತಾರೀಖಿಗೆ ಬೇಕು ಅನ್ನೂದು ಹೇಳ್ರಿ.” ನನಗೆ ಆ ಮಾತು ಬಹಳ ಹಿಡಿಸಿತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆಕೆ ಏಕಮಾನ ಎಂದರೇನೆಂಬುದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಬಲ್ಲಳು.

ಆಕೆ ಚೈನ್ ಹೋಟೆಲಿನವರಿಂದ ಪಾಠ ಕಲಿಯಲೂ ಹಿಂಜರಿಯಲಿಲ್ಲ. ಅಂಗಡಿಯವನೊಬ್ಬ, ರೊಟ್ಟಿಗಳ ಅಳತೆ ಒಂದೇ ತೆರನಾಗಿಲ್ಲ, ಗಿರಾಕಿಗಳು ಗೊಣಗುತ್ತಾರೆ ಎಂದ. ಅಂದಿನಿಂದ ಆ ನಾಲ್ಕು ಮನೆಯವರೂ ಹಿಟ್ಟಿನ ಉಂಡೆಯನ್ನು ತೂಗಿ ಬಡಿಯುತ್ತಾರೆ. ಪೊಟ್ಟಣದ ಮೇಲೆ ಎಣಿಕೆಯನ್ನೂ ತಯಾರಿಸಿದ ದಿನಾಂಕವನ್ನೂ ಬರೆಯುತ್ತಾರೆ. ರುಚಿ ಅವ್ವನಿಂದ ಬಂದದ್ದು, ಅಳತೆ ಚೈನ್ ಹೋಟೆಲಿನಿಂದ ಕಲಿತದ್ದು. ಎರಡೂ ಕೂಡಿದ್ದರಿಂದ ಬೇಡಿಕೆ ನಿಂತಿದೆ. ‘ಅದೆಲ್ಲಾ ಕಸ’ ಎಂದು ಮುಖ ತಿರುಗಿಸಿದ್ದರೆ ಈ ಪಾಠ ಸಿಗುತ್ತಿರಲಿಲ್ಲ. ‘ನಮ್ಮದೆಲ್ಲಾ ಹಳೆಯದು’ ಎಂದು ಕೈಚೆಲ್ಲಿದ್ದರೆ ರೊಟ್ಟಿಯೇ ಇರುತ್ತಿರಲಿಲ್ಲ.

ಅಭಿಪ್ರಾಯವೇ ಇರಬಾರದೆಂದು ನಾನು ಹೇಳುತ್ತಿಲ್ಲ. ಮಾತಿಲ್ಲದ ಕಟ್ಟೆ ಕಟ್ಟೆಯಲ್ಲ. ಹರಟೆಯಿಲ್ಲದ ಮದುವೆಯೂ ಮದುವೆಯಲ್ಲ. ಚಹಾದ ಜೊತೆ ಆಡುವ ಮಾತನ್ನೆಲ್ಲ ತಕ್ಕಡಿಗೆ ಹಾಕಬೇಕಾಗಿಲ್ಲ. ಆದರೆ ಎದುರಿಗಿರುವವನು ನಮ್ಮ ಮಾತನ್ನು ನಂಬಿ ಹೊಲ ಒತ್ತೆ ಇಡಲಿದ್ದಾನೆ, ಇಲ್ಲವೇ ಒಬ್ಬಳು ಹುಡುಗಿ ನಮ್ಮ ಮಾತಿನಿಂದ ನೊಂದು ಮುಂದೆ ಏನನ್ನೂ ಹೇಳದೆ ಸುಮ್ಮನಾಗಲಿದ್ದಾಳೆ ಎಂಬುದು ಕಂಡಾಗ, ಹರಟೆ ಅಲ್ಲಿಗೆ ಮುಗಿಯಬೇಕು, ಲೆಕ್ಕ ಆರಂಭವಾಗಬೇಕು. ಆಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ನಾನು ಇದನ್ನು ಸ್ವತಃ ಬಳಸಿದ್ದೇನೆಯೇ, ಎಷ್ಟು ದಿನ? ನನ್ನ ಅಗತ್ಯವೂ ಕೇಳುವವನ ಅಗತ್ಯವೂ ಒಂದೆಯೇ? ನನ್ನ ಮಾತು ತಪ್ಪಾದರೆ ಹಣ ಯಾರದು ಹೋಗುತ್ತದೆ? ಈ ಮೂರಕ್ಕೂ ಉತ್ತರವಿಲ್ಲದಿದ್ದರೆ ‘ನನಗೆ ಗೊತ್ತಿಲ್ಲಪ್ಪಾ, ಓಡಿಸಿದವರನ್ನು ಕೇಳು’ ಎನ್ನುವುದರಲ್ಲಿ ಅವಮಾನವೇನೂ ಇಲ್ಲ. ಅದೂ ಒಂದು ಪ್ರಾಮಾಣಿಕ ಉತ್ತರವೇ.

ನಿಮ್ಮಲ್ಲಿ ವಿದ್ಯುತ್ ಕಾರನ್ನೋ ಸ್ಕೂಟರನ್ನೋ ಓಡಿಸುವವರು, ಖಾನಾವಳಿ ನಡೆಸುವವರು, ಚೈನ್ ಹೋಟೆಲಿನಲ್ಲಿಯೇ ದುಡಿಯುವವರು ಇದ್ದೀರೆಂದು ಬಲ್ಲೆ. ನಿಮ್ಮ ಅನುಭವಗಳನ್ನು ನನಗೆ ಬರೆದು ತಿಳಿಸಿರಿ. ಎಷ್ಟು ಕಿಲೋಮೀಟರ್, ಎಷ್ಟು ಯೂನಿಟ್, ಎಷ್ಟು ರೂಪಾಯಿ, ಎಷ್ಟು ತಿಂಗಳು ಎಂಬುದನ್ನು ಮರೆಯದಿರಿ. ಇನ್ನೊಂದೆರಡು ವರ್ಷಗಳಲ್ಲಿ ಆ ನನ್ನ ವಿದ್ಯಾರ್ಥಿಯ ಹಳೆಯ ಗಾಡಿ ನಿಲ್ಲುತ್ತದೆ. ಆಗ ಅವನು ಮತ್ತೆ ನೋಟ್‌ಬುಕ್ ತೆರೆಯಬೇಕು. ನಿಮ್ಮ ಪತ್ರಗಳು ಅವನ ಕೈಗೆ ಸೇರುವಂತೆ ನೋಡಿಕೊಳ್ಳುವ ಹೊಣೆ ನನ್ನದು. ರೊಟ್ಟಿ ಬೇಕಾದವರು ಸಂಖ್ಯೆ ಮತ್ತು ತಾರೀಖನ್ನು ಬರೆದು ಕಳಿಸಿರಿ. ಹೊಗಳಿಕೆಯನ್ನು ತಿಂದ ಮೇಲೆ ಬರೆದರಾಯಿತು.